ವಿನ್ಯಾಸ ಸಂಶೋಧನೆಯ ವಿಧಾನಗಳನ್ನು ಕಲಿಸುವುದು ಹೇಗೆ: ಎಂಜಿನಿಯರಿಂಗ್ ಪಿಎಚ್‌ಡಿ ಮಾರ್ಗದರ್ಶಕರಿಗೆ ಒಂದು ಸೆಮಿಸ್ಟರ್‌ನ ಸಮಗ್ರ ಮಾರ್ಗದರ್ಶಿ

ಎಂ.ಟೆಕ್ ಮುಗಿಸಿ ವಿನ್ಯಾಸ ವಿಷಯದಲ್ಲಿ ಪಿಎಚ್‌ಡಿಗೆ ಸೇರುವವರಿಗೆ ಫೈನೈಟ್ ಎಲಿಮೆಂಟ್ ವಿಶ್ಲೇಷಣೆ ಗೊತ್ತಿರುತ್ತದೆ, ಕ್ಯಾಡ್ ತಂತ್ರಾಂಶದಲ್ಲಿ ಕೈ ಪಳಗಿರುತ್ತದೆ, ಪ್ರಯೋಗಗಳನ್ನು ಯೋಜಿಸುವ ಟಗುಚಿ ಕೋಷ್ಟಕಗಳೂ ಪರಿಚಿತವಾಗಿರುತ್ತವೆ. ಹೊಸ ಯಂತ್ರವೊಂದನ್ನು ಕಟ್ಟಿ, ಓಡಿಸಿ, ಅದರ ಫಲಿತಾಂಶ ಬರೆದರೆ ಮಹಾಪ್ರಬಂಧ ಸಿದ್ಧವಾಯಿತು ಎಂಬ ನಂಬಿಕೆಯೂ ಅವರ ಜೊತೆಯಲ್ಲೇ ಬರುತ್ತದೆ. ಈ ನಂಬಿಕೆಯನ್ನು ಮೊದಲ ತಿಂಗಳಲ್ಲೇ ಸಡಿಲಿಸದಿದ್ದರೆ ಮೂರನೆಯ ವರ್ಷದಲ್ಲಿ ಪರೀಕ್ಷಕರು ಕೇಳುವ ಪ್ರಶ್ನೆಗೆ ಉತ್ತರ ಇರುವುದಿಲ್ಲ: "ಯಂತ್ರ ಚೆನ್ನಾಗಿದೆ, ಆದರೆ ವಿನ್ಯಾಸದ ಬಗ್ಗೆ ನಿಮ್ಮಿಂದ ಹೊಸದಾಗಿ ತಿಳಿದದ್ದೇನು?"

ವಿನ್ಯಾಸ ಸಂಶೋಧನೆ ಯಂತ್ರವನ್ನಷ್ಟೇ ನೋಡುವುದಿಲ್ಲ. ಯಂತ್ರವನ್ನು ರೂಪಿಸುವ ಜನ, ಅವರು ತೆಗೆದುಕೊಳ್ಳುವ ನಿರ್ಧಾರಗಳು, ಅವರು ಬಳಸುವ ಸಾಧನಗಳು, ಅವರ ಸುತ್ತಲಿನ ಸಂಸ್ಥೆ ಎಲ್ಲವೂ ಅಧ್ಯಯನದ ವಸ್ತುಗಳೇ. ಆದ್ದರಿಂದ ಇಲ್ಲಿಯ ವಿಧಾನಗಳಲ್ಲಿ ಅರ್ಧ ಭಾಗ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರದಿಂದ ಬಂದವು. ಎಲ್ಲ ವಿಭಾಗಗಳ ವಿದ್ಯಾರ್ಥಿಗಳನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿ ಸಂಶೋಧನೆಯ ವ್ಯಾಖ್ಯೆ, ಸ್ಯಾಂಪ್ಲಿಂಗ್‌ನ ಪ್ರಕಾರಗಳು, ಟಿ-ಪರೀಕ್ಷೆಯ ಸೂತ್ರ ಹೇಳಿಕೊಡುವ ಸಾಮಾನ್ಯ ಕೋರ್ಸ್ ಇವರಿಗೆ ಸಾಲುವುದಿಲ್ಲ. ಯುಜಿಸಿಯ 2022ರ ನಿಯಮಗಳಂತೆ ಪಿಎಚ್‌ಡಿಗೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಬೇಕು. ಅದರಲ್ಲಿ ಒಂದು ಕೋರ್ಸನ್ನು ವಿನ್ಯಾಸ ಸಂಶೋಧನೆಗೆಂದೇ ಮೀಸಲಿಡಿ. ಮುಂದೆ ವಿವರಿಸುವುದು ಹದಿನಾರು ವಾರಗಳ, ವಾರಕ್ಕೆ ಮೂರು ಗಂಟೆಯ, ಆರರಿಂದ ಹನ್ನೆರಡು ಮಂದಿಯ ತರಗತಿಗೆ ಹೊಂದುವ ಕ್ರಮ.

ಕೋರ್ಸ್ ಶುರುವಾಗುವ ಮೊದಲು

ಕೊನೆಗೆ ವಿದ್ಯಾರ್ಥಿಯ ಕೈಯಲ್ಲಿ ಏನಿರಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಎರಡು ವಸ್ತುಗಳು ಸಾಕು: ತಮ್ಮ ಪಿಎಚ್‌ಡಿಯ ಒಂದು ಪುಟದ ಸಂಶೋಧನಾ ಯೋಜನೆ, ಮತ್ತು ತರಗತಿಯವರೆಲ್ಲ ಸೇರಿ ಆರಂಭದಿಂದ ಅಂತ್ಯದವರೆಗೆ ಮುಗಿಸಿದ ಒಂದು ಸಣ್ಣ ಪ್ರಯೋಗದ ವರದಿ. ಪ್ರಶ್ನೆ ಹುಟ್ಟುವುದರಿಂದ ಹಿಡಿದು ದತ್ತಾಂಶ ಸಂಗ್ರಹಿಸಿ, ಕೋಡ್ ಮಾಡಿ (ಅಂದರೆ ನಿಯಮವೊಂದರಂತೆ ವರ್ಗಗಳಾಗಿ ಗುರುತಿಸಿ), ಲೆಕ್ಕ ಹಾಕಿ, ಬರೆಯುವವರೆಗೆ ಒಮ್ಮೆಯಾದರೂ ಪೂರ್ತಿ ಸಾಗಿದವರಿಗೆ ಮಾತ್ರ ವಿಧಾನದ ಪಾಠಗಳು ಅರ್ಥವಾಗುತ್ತವೆ. ಲಿಖಿತ ಪರೀಕ್ಷೆಗೆ ಹೆಚ್ಚು ಅಂಕ ಇಡಬೇಡಿ. ವಿಶ್ವವಿದ್ಯಾಲಯ ಕಡ್ಡಾಯ ಮಾಡಿದಷ್ಟೇ ಇರಲಿ.

ಮೊದಲ ಹೆಜ್ಜೆ: ಹೇಳಿಕೆ ಮತ್ತು ಸಾಕ್ಷ್ಯವನ್ನು ಬಿಡಿಸುವುದು (ವಾರ 1–2)

ಶೋಧಗಂಗಾ ತಾಣದಲ್ಲಿ ನಮ್ಮ ದೇಶದ ಸಾವಿರಾರು ಮಹಾಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ವಿನ್ಯಾಸಕ್ಕೆ ಸಂಬಂಧಿಸಿದ ಎರಡನ್ನು ಆರಿಸಿ, ಅವುಗಳ ಕೊನೆಯ ಅಧ್ಯಾಯವನ್ನು ಮಾತ್ರ ಓದಲು ಕೊಡಿ. ವಿದ್ಯಾರ್ಥಿಗಳು ಅಲ್ಲಿರುವ ಪ್ರತಿ ಹೇಳಿಕೆಯನ್ನು ಎಡಗಡೆ ಬರೆದು, ಅದಕ್ಕೆ ಆಧಾರವಾದ ಸಾಕ್ಷ್ಯ ಯಾವ ಅಧ್ಯಾಯದ ಯಾವ ಕೋಷ್ಟಕದಲ್ಲಿದೆ ಎಂಬುದನ್ನು ಬಲಗಡೆ ಬರೆಯಬೇಕು. ಬಲಗಡೆ ಖಾಲಿ ಉಳಿಯುವ ಸಾಲುಗಳೇ ಮುಂದಿನ ವಾರದ ಚರ್ಚೆ. "ಈ ವಿಧಾನದಿಂದ ವಿನ್ಯಾಸದ ಅವಧಿ ಕಡಿಮೆಯಾಗುತ್ತದೆ" ಎಂದಿದ್ದರೆ ಯಾರ ಅವಧಿ, ಯಾವುದಕ್ಕಿಂತ ಕಡಿಮೆ, ಎಷ್ಟು ಮಂದಿಯಲ್ಲಿ ಅಳೆದದ್ದು ಎಂದು ಕೇಳಿಸಿ. ಪ್ರಬಂಧ ಬರೆದವರನ್ನು ಹೀಗಳೆಯಲು ಬಿಡಬೇಡಿ. ಅದೇ ಕಣ್ಣಿನಿಂದ ತಮ್ಮ ಪಿಎಚ್‌ಡಿ ಪ್ರಸ್ತಾವವನ್ನು ಓದಲು ಹೇಳಿ. ಇಡೀ ಕೋರ್ಸಿನ ಬೆನ್ನೆಲುಬು ಈ ಅಭ್ಯಾಸ. ಪ್ರತಿ ವಾರ ಯಾವುದಾದರೊಂದು ರೂಪದಲ್ಲಿ ಇದು ಮರಳಿ ಬರಬೇಕು.

ಎರಡನೆಯ ಹೆಜ್ಜೆ: ಸಂಶೋಧನೆಗೆ ಚೌಕಟ್ಟು ಹಾಕುವುದು (ವಾರ 3–5)

ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ಚೌಕಟ್ಟು ಡಿಆರ್‌ಎಂ, ಅಂದರೆ ಡಿಸೈನ್ ರಿಸರ್ಚ್ ಮೆಥಡಾಲಜಿ. ಲೂಸಿಯೆನ್ ಬ್ಲೆಸಿಂಗ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮರೇಶ್ ಚಕ್ರಬರ್ತಿ ವರ್ಷಗಳ ಕಾಲ ಬೆಳೆಸಿದ ಈ ವಿಧಾನ 2009ರಲ್ಲಿ ಪುಸ್ತಕವಾಗಿ ಬಂತು. ಇದರಲ್ಲಿ ನಾಲ್ಕು ಘಟ್ಟಗಳು. ಮೊದಲನೆಯದು ಗುರಿಯನ್ನು ಸ್ಪಷ್ಟಪಡಿಸಿಕೊಳ್ಳುವುದು. ಎರಡನೆಯದು ಈಗಿರುವ ಸ್ಥಿತಿಯನ್ನು ಅಧ್ಯಯನ ಮಾಡಿ ವಿವರಿಸುವುದು. ಮೂರನೆಯದು ಆ ತಿಳಿವಳಿಕೆಯ ಮೇಲೆ ವಿನ್ಯಾಸಕರಿಗೆ ನೆರವಾಗುವ ಸಾಧನವನ್ನೋ ವಿಧಾನವನ್ನೋ ರೂಪಿಸುವುದು. ನಾಲ್ಕನೆಯದು ಆ ನೆರವು ನಿಜವಾಗಿ ಕೆಲಸ ಮಾಡಿತೇ ಎಂದು ಮತ್ತೆ ಅಧ್ಯಯನ ಮಾಡುವುದು.

ಇದನ್ನು ಸ್ಲೈಡಿನಲ್ಲಿ ತೋರಿಸಿ ಮುಗಿಸಿದರೆ ಏನೂ ಪ್ರಯೋಜನವಿಲ್ಲ. ಒಂದು ಉದಾಹರಣೆಯನ್ನು ಹಿಡಿದು ಮೂರು ವಾರ ಅದರಲ್ಲೇ ಇರಿ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಡಿಕೆ ಸುಲಿಯುವ ಯಂತ್ರ ಚಿರಪರಿಚಿತ ಪ್ರಾಜೆಕ್ಟ್ ಆದ್ದರಿಂದ ಅದನ್ನೇ ತೆಗೆದುಕೊಳ್ಳೋಣ. "ಮೆಟ್ಟುಗತ್ತಿಗಿಂತ ವೇಗವಾದ ಯಂತ್ರ ಮಾಡುತ್ತೇನೆ" ಎನ್ನುವುದು ಎಂಜಿನಿಯರಿಂಗ್ ಪ್ರಾಜೆಕ್ಟ್. "ಸಣ್ಣ ವರ್ಕ್‌ಶಾಪ್‌ಗಳಲ್ಲಿ ಯಂತ್ರ ತಯಾರಿಸುವವರು ಬೆಳೆಗಾರರ ದೂರುಗಳನ್ನು ಮುಂದಿನ ವಿನ್ಯಾಸಕ್ಕೆ ಹೇಗೆ ತರುತ್ತಾರೆ, ಎಲ್ಲಿ ಕೈಬಿಡುತ್ತಾರೆ?" ಎನ್ನುವುದು ವಿನ್ಯಾಸ ಸಂಶೋಧನೆಯ ಪ್ರಶ್ನೆ. ಎರಡೂ ಮೌಲ್ಯವುಳ್ಳ ಕೆಲಸಗಳೇ, ಆದರೆ ಎರಡಕ್ಕೂ ಬೇಕಾದ ಸಾಕ್ಷ್ಯ ಬೇರೆ.

ಈಗ ವಿದ್ಯಾರ್ಥಿಗಳಿಂದ ಪ್ರಭಾವಗಳ ನಕ್ಷೆ ಬರೆಸಿ. ದೊಡ್ಡ ಹಾಳೆಯಲ್ಲಿ ಒಂದೊಂದು ಅಂಶವನ್ನು ಒಂದೊಂದು ವೃತ್ತದಲ್ಲಿಟ್ಟು, ಯಾವುದು ಯಾವುದರ ಮೇಲೆ ಪರಿಣಾಮ ಬೀರುತ್ತದೆ ಎಂದು ಬಾಣದ ಗೆರೆ ಎಳೆಯಬೇಕು. ಬೆಳೆಗಾರ "ಕಾಯಿ ಒಡೆಯುತ್ತದೆ" ಎಂದಷ್ಟೇ ಫೋನಿನಲ್ಲಿ ಹೇಳುತ್ತಾನೆ. ಹಸಿ ಅಡಿಕೆಯೋ ಒಣಗಿದ ಚಾಲಿಯೋ, ಕಾಯಿಯ ಗಾತ್ರವೆಷ್ಟು, ಒಣಗಿದ್ದು ಎಷ್ಟು ದಿನ ಎಂಬ ವಿವರ ಬರುವುದಿಲ್ಲ. ವಿವರ ಕಡಿಮೆಯಾದಷ್ಟೂ ತಯಾರಕನಿಗೆ ಕಾರಣ ತಿಳಿಯುವುದು ಕಡಿಮೆ. ಕಾರಣ ತಿಳಿಯದಿದ್ದರೆ ತೇಪೆಯ ಪರಿಹಾರ ಹೆಚ್ಚು. ತೇಪೆ ಹೆಚ್ಚಿದಷ್ಟೂ ಅದೇ ದೂರು ಮರುಕಳಿಸುತ್ತದೆ, ಕೊನೆಗೆ ಯಂತ್ರ ಕೊಟ್ಟಿಗೆಯ ಮೂಲೆ ಸೇರುತ್ತದೆ.

ಕೇಳಲು ಸರಿಯೆನಿಸುತ್ತದೆ ಅಲ್ಲವೇ? ಅದೇ ಅಪಾಯ. ಪ್ರತಿ ಗೆರೆಯ ಮೇಲೂ ಅದರ ಮೂಲವನ್ನು ಗುರುತಿಸಲು ಹೇಳಿ: ಪ್ರಕಟಿತ ಅಧ್ಯಯನದಿಂದ ಬಂದದ್ದೇ, ತಾನೇ ನೋಡಿದ್ದೇ, ಬರಿಯ ಊಹೆಯೇ, ಅಥವಾ ಇನ್ನೂ ಪ್ರಶ್ನೆಯೇ. ಮೊದಲ ನಕ್ಷೆಯಲ್ಲಿ ಮುಕ್ಕಾಲುಪಾಲು ಗೆರೆಗಳು ಊಹೆಗಳಾಗಿದ್ದರೆ ಅದರಲ್ಲಿ ತಪ್ಪಿಲ್ಲ, ಯಾವ ಊಹೆಯನ್ನು ಪರೀಕ್ಷಿಸಿದರೆ ಹೆಚ್ಚು ತಿಳಿಯುತ್ತದೆ ಎಂಬುದೇ ಸಂಶೋಧನೆಯ ಪ್ರಶ್ನೆಯಾಗುತ್ತದೆ. ಎಷ್ಟೋ ವಿದ್ಯಾರ್ಥಿಗಳಿಗೆ ತಮ್ಮ ವಿಷಯ ಮೊದಲ ಸಲ ಕಣ್ಣಿಗೆ ಬೀಳುವುದು ಈ ಹಾಳೆಯ ಮೇಲೆಯೇ.

ಯಶಸ್ಸಿನ ಮಾನದಂಡವನ್ನೂ ಇಲ್ಲೇ ನಿಶ್ಚಯಿಸಬೇಕು. "ಯಂತ್ರಗಳು ಹತ್ತು ವರ್ಷ ಬಳಕೆಯಲ್ಲಿರಬೇಕು" ಎಂಬುದು ನಿಜವಾದ ಗುರಿಯಾಗಿರಬಹುದು, ಆದರೆ ಪಿಎಚ್‌ಡಿ ಅವಧಿಯಲ್ಲಿ ಅದನ್ನು ಅಳೆಯಲಾಗದು. ಹಾಗಾಗಿ ನಕ್ಷೆಯಲ್ಲಿ ಸ್ವಲ್ಪ ಹಿಂದೆ ಬಂದು, ಅಳೆಯಬಹುದಾದ ಅಂಶವೊಂದನ್ನು ಹಿಡಿಯಬೇಕು: ದೂರಿಗೆ ತಯಾರಕ ಗುರುತಿಸಿದ ಕಾರಣ ಸರಿಯಾಗಿತ್ತೇ ಎಂಬುದು, ಉದಾಹರಣೆಗೆ. ದೂರದ ಗುರಿಗೂ ಈ ಹತ್ತಿರದ ಮಾನದಂಡಕ್ಕೂ ನಡುವೆ ಇರುವ ಗೆರೆಗಳಿಗೆ ಸಾಕ್ಷ್ಯ ಬೇಕು ಎಂಬುದನ್ನು ಮರೆಯಲು ಬಿಡಬೇಡಿ.

ನಾಲ್ಕೂ ಘಟ್ಟಗಳನ್ನು ಆಳವಾಗಿ ಮಾಡುತ್ತೇನೆ ಎನ್ನುವ ಉತ್ಸಾಹಿಗಳನ್ನು ತಡೆಯಿರಿ. ಡಿಆರ್‌ಎಂ ಏಳು ಬಗೆಯ ಸಂಶೋಧನಾ ಯೋಜನೆಗಳನ್ನು ಪಟ್ಟಿ ಮಾಡುತ್ತದೆ. ಎಲ್ಲವೂ ಆಳವಾಗಿರುವುದು ಅವುಗಳಲ್ಲಿ ಕೊನೆಯದು ಮಾತ್ರ, ಮತ್ತು ಅದು ತಂಡದ ಕೆಲಸ. ಈಗಿನ ಸ್ಥಿತಿಯನ್ನು ಚೆನ್ನಾಗಿ ಅಧ್ಯಯನ ಮಾಡಿ ನಿಲ್ಲಿಸಿದ ಮಹಾಪ್ರಬಂಧ ಪೂರ್ಣ ಮಹಾಪ್ರಬಂಧವೇ. ನಮ್ಮ ವಿಭಾಗಗಳಲ್ಲಿ ಇದನ್ನು ಒಪ್ಪಿಸುವುದು ಕಷ್ಟ, ಏಕೆಂದರೆ "ಏನಾದರೂ ಮಾಡಿ ತೋರಿಸಬೇಕು" ಎಂಬ ಒತ್ತಡ ಬಲವಾಗಿದೆ. ಮಾರ್ಗದರ್ಶಕರಾದ ನೀವೇ ಇದನ್ನು ಗಟ್ಟಿಯಾಗಿ ಹೇಳಬೇಕು.

ಓದಿನ ಅಭ್ಯಾಸವೂ ಈ ವಾರಗಳಲ್ಲೇ ಶುರುವಾಗಲಿ. 1979ರಿಂದ ಬರುತ್ತಿರುವ ಡಿಸೈನ್ ಸ್ಟಡೀಸ್, 1989ರಲ್ಲಿ ಆರಂಭವಾದ ರಿಸರ್ಚ್ ಇನ್ ಎಂಜಿನಿಯರಿಂಗ್ ಡಿಸೈನ್ ಪತ್ರಿಕೆಗಳು, ಎಂಜಿನಿಯರಿಂಗ್ ವಿನ್ಯಾಸದ ಬಗ್ಗೆ 1981ರಿಂದ ನಡೆಯುತ್ತಿರುವ ಐಸಿಇಡಿ ಅಂತರರಾಷ್ಟ್ರೀಯ ಸಮ್ಮೇಳನ, ವಿನ್ಯಾಸ ಸಂಶೋಧನೆಗೆಂದು 2006ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಐಕಾರ್ಡ್ ಸಮ್ಮೇಳನ, ಇವುಗಳಿಂದ ವಾರಕ್ಕೆ ಎರಡು ಲೇಖನಗಳು ಸಾಕು. ಸಾರಾಂಶ ಬರೆಸಬೇಡಿ. ಲೇಖನದ ಪ್ರಶ್ನೆ, ದತ್ತಾಂಶ ಬಂದ ಬಗೆ, ಭಾಗವಹಿಸಿದವರು ಯಾರು, ಹೇಳಿಕೆಗಳಲ್ಲಿ ಯಾವುದಕ್ಕೆ ಸಾಕ್ಷ್ಯ ಸಾಲದು ಎಂಬ ನಾಲ್ಕು ವಿಷಯಗಳನ್ನು ಅರ್ಧ ಪುಟದಲ್ಲಿ ಕೇಳಿ.

ಮೂರನೆಯ ಹೆಜ್ಜೆ: ತರಗತಿಯ ಪ್ರಯೋಗ (ವಾರ 6–10)

ಕೋರ್ಸಿನ ಹೃದಯ ಇದು. ಇದಕ್ಕೆ ನಾನು ಎಲ್ಲರಿಗೂ ಸೂಚಿಸುವುದು ವಿನ್ಯಾಸ ಜಡತೆಯ, ಅಂದರೆ ಕಂಡ ಉದಾಹರಣೆಗೇ ಮನಸ್ಸು ಅಂಟಿಕೊಳ್ಳುವುದರ, ಪ್ರಯೋಗ. 1991ರಲ್ಲಿ ಡೇವಿಡ್ ಜಾನ್ಸನ್ ಎಂಬ ಎಂಜಿನಿಯರ್ ಮತ್ತು ಸ್ಟೀವನ್ ಸ್ಮಿತ್ ಎಂಬ ಮನಶ್ಶಾಸ್ತ್ರಜ್ಞ ಸೇರಿ ಪ್ರಕಟಿಸಿದ ಅಧ್ಯಯನ ಇದರ ಮೂಲ. ಒಂದು ಗುಂಪಿಗೆ ಸಮಸ್ಯೆಯನ್ನು ಮಾತ್ರ ಕೊಟ್ಟರು, ಇನ್ನೊಂದಕ್ಕೆ ಅದೇ ಸಮಸ್ಯೆಯ ಜೊತೆಗೆ ಉದಾಹರಣೆಯ ಚಿತ್ರವೊಂದನ್ನು ಕೊಟ್ಟರು. ಚಿತ್ರ ಕಂಡವರ ವಿನ್ಯಾಸಗಳಲ್ಲಿ ಆ ಚಿತ್ರದ ಅಂಶಗಳು, ದೋಷಗಳೂ ಸೇರಿ, ಹೆಚ್ಚಾಗಿ ನುಸುಳಿದವು. ಚೆಲ್ಲದ ಕಾಫಿ ಲೋಟದ ಸಮಸ್ಯೆಯಲ್ಲಿ ಸ್ಟ್ರಾ ಬಳಸಬಾರದು ಎಂದು ಸ್ಪಷ್ಟವಾಗಿ ಹೇಳಿದ್ದರೂ ಚಿತ್ರದಲ್ಲಿ ಸ್ಟ್ರಾ ಇದ್ದುದರಿಂದ ಅದನ್ನೇ ಬಳಸಿದವರಿದ್ದರು. ಉಪಕರಣ ಬೇಡ, ಖರ್ಚಿಲ್ಲ, ಫಲಿತಾಂಶ ಕುತೂಹಲ ಹುಟ್ಟಿಸುತ್ತದೆ.

ನಿಮ್ಮ ಕಾಲೇಜಿನ ಅಂತಿಮ ವರ್ಷದ ಬಿ.ಇ. ವಿದ್ಯಾರ್ಥಿಗಳಲ್ಲಿ ಇಪ್ಪತ್ತನಾಲ್ಕು ಮಂದಿಯನ್ನು ಒಪ್ಪಿಗೆ ಪಡೆದು ಕರೆಯಿರಿ. ಯಾರು ಯಾವ ಕೋಣೆಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಮುಂದಿನ ಬೆಂಚಿನವರು ಒಂದು ಕಡೆ, ಹಿಂದಿನವರು ಇನ್ನೊಂದು ಕಡೆ ಎಂದು ಅನುಕೂಲಕ್ಕೆ ಹಂಚಿದರೆ ಪ್ರಯೋಗ ಅಲ್ಲಿಗೇ ಕೆಟ್ಟಿತು. ನಲವತ್ತೈದು ನಿಮಿಷ, ಎರಡೂ ಕೋಣೆಗಳಲ್ಲಿ ಅದೇ ಸೂಚನಾ ಪತ್ರ, ಅದೇ ಬಗೆಯ ಹಾಳೆ; ಉದಾಹರಣೆಯ ಚಿತ್ರ ಮಾತ್ರ ಒಂದೇ ಕೋಣೆಗೆ. ಪ್ರಯೋಗಕ್ಕೆ ಮುಂಚೆ ನಾಲ್ಕು ಮಂದಿಯಲ್ಲಿ ಪೂರ್ವಪರೀಕ್ಷೆ ಮಾಡಿಸಿ. ಸೂಚನೆಯ ಯಾವ ವಾಕ್ಯ ಗೊಂದಲ ಮಾಡುತ್ತದೆ ಎಂಬುದು ಆಗಲೇ ತಿಳಿಯುತ್ತದೆ.

ದತ್ತಾಂಶ ನೋಡುವ ಮೊದಲೇ ವಿಶ್ಲೇಷಣೆಯ ಯೋಜನೆಯನ್ನು ಬರೆಸಿ, ದಿನಾಂಕ ಹಾಕಿಸಿ, ನಿಮ್ಮ ಬಳಿ ಇಟ್ಟುಕೊಳ್ಳಿ. ಏನನ್ನು ಎಣಿಸುತ್ತೇವೆ, ಯಾವ ಪರೀಕ್ಷೆ ಬಳಸುತ್ತೇವೆ, ಯಾರ ಹಾಳೆಯನ್ನು ಯಾವ ಕಾರಣಕ್ಕೆ ಕೈಬಿಡುತ್ತೇವೆ ಎಂಬುದೆಲ್ಲ ಅದರಲ್ಲಿರಬೇಕು. ಫಲಿತಾಂಶ ಬಂದ ಮೇಲೆ ಬೇಕಾದ ಕಡೆಗೆ ಲೆಕ್ಕ ಬಗ್ಗಿಸುವ ಸೆಳೆತ ಎಲ್ಲರಿಗೂ ಇರುತ್ತದೆ. ಈ ಹಾಳೆ ಅದಕ್ಕೆ ಕಟ್ಟುವ ಬೇಲಿ.

ಮುಂದಿನದು ಕೋಡಿಂಗ್. ಪ್ರತಿ ಚಿತ್ರದಲ್ಲೂ ಉದಾಹರಣೆಯ ಅಂಶ ಇದೆಯೇ ಇಲ್ಲವೇ ಎಂದು ಇಬ್ಬರು ಬೇರೆಬೇರೆಯಾಗಿ, ಪರಸ್ಪರ ಮಾತಾಡದೆ ತೀರ್ಮಾನಿಸಬೇಕು. ಚಿತ್ರ ಯಾವ ಗುಂಪಿನದು ಎಂಬುದೂ ಅವರಿಗೆ ತಿಳಿದಿರಬಾರದು. ಅವರ ತೀರ್ಮಾನಗಳು ಎಷ್ಟು ಹೊಂದುತ್ತವೆ ಎಂಬುದನ್ನು ಕೊಹೆನ್‌ನ ಕಪ್ಪಾದಿಂದ ಅಳೆಯುವುದನ್ನು ಬೋರ್ಡಿನ ಮೇಲೆ ಕೈಯಿಂದಲೇ ಲೆಕ್ಕ ಮಾಡಿ ತೋರಿಸಿ. ನೂರು ಚಿತ್ರಗಳಿವೆ ಎಂದಿಟ್ಟುಕೊಳ್ಳಿ. ಇಬ್ಬರೂ "ಇದೆ" ಎಂದದ್ದು 30, ಇಬ್ಬರೂ "ಇಲ್ಲ" ಎಂದದ್ದು 50. ಮೊದಲನೆಯವರು ಮಾತ್ರ "ಇದೆ" ಎಂದದ್ದು 12, ಎರಡನೆಯವರು ಮಾತ್ರ ಎಂದದ್ದು 8. ಹೊಂದಾಣಿಕೆ ನೂರಕ್ಕೆ 80, ಅಂದರೆ 0.80. ಆದರೆ ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಒಂದಷ್ಟು ಹೊಂದಿಕೊಳ್ಳುತ್ತಿತ್ತು. ಮೊದಲನೆಯವರು "ಇದೆ" ಎಂದದ್ದು ಒಟ್ಟು 42, ಎರಡನೆಯವರು 38. ಆದ್ದರಿಂದ ಆಕಸ್ಮಿಕ ಹೊಂದಾಣಿಕೆ 0.42 × 0.38 ಮತ್ತು 0.58 × 0.62 ಇವುಗಳ ಮೊತ್ತ, ಅಂದರೆ ಸುಮಾರು 0.52. ಕಪ್ಪಾ ಎಂದರೆ 0.80ರಿಂದ 0.52 ಕಳೆದು, ಅದನ್ನು 1ರಿಂದ 0.52 ಕಳೆದು ಬಂದದ್ದರಿಂದ ಭಾಗಿಸುವುದು: 0.58. ನೂರಕ್ಕೆ ಎಂಬತ್ತು ಎಂದಾಗ ಇದ್ದ ಸಮಾಧಾನ ಈ ಸಂಖ್ಯೆ ಕಂಡಾಗ ಉಳಿಯುವುದಿಲ್ಲ. ಆಗ ಇಬ್ಬರನ್ನೂ ಕೂರಿಸಿ, ಭಿನ್ನಾಭಿಪ್ರಾಯದ ಇಪ್ಪತ್ತು ಚಿತ್ರಗಳನ್ನು ಮಾತ್ರ ಮುಂದಿಟ್ಟು, ಕೋಡಿಂಗ್ ನಿಯಮದಲ್ಲಿ ಯಾವ ಪದ ಅಸ್ಪಷ್ಟವಾಗಿದೆ ಎಂದು ಹುಡುಕಿಸಿ. ನಿಯಮ ತಿದ್ದಿದ ಮೇಲೆ ಹೊಸ ಚಿತ್ರಗಳ ಮೇಲೆ ಮತ್ತೆ ಅಳೆಯಬೇಕು; ಹಳೆಯ ಚಿತ್ರಗಳ ಮೇಲೆ ಅಲ್ಲ.

ಅಂಕಿಅಂಶಗಳ ಪಾಠದಲ್ಲಿ ಒಂದೇ ಒಂದು ವಿಷಯ ಉಳಿಯಬೇಕೆಂದರೆ ಅದು ವಿಶ್ಲೇಷಣೆಯ ಘಟಕ. ಹನ್ನೆರಡು ಮಂದಿ ತಲಾ ಎಂಟು ಪರಿಕಲ್ಪನೆ ಬರೆದರೆ ಗುಂಪಿನಲ್ಲಿ ತೊಂಬತ್ತಾರು ಪರಿಕಲ್ಪನೆಗಳಿರಬಹುದು, ಆದರೆ ಸ್ಯಾಂಪಲ್ ಹನ್ನೆರಡೇ. ಒಬ್ಬನೇ ವ್ಯಕ್ತಿಯ ಎಂಟು ಪರಿಕಲ್ಪನೆಗಳು ಒಂದಕ್ಕೊಂದು ನೆಂಟರು; ಅವುಗಳನ್ನು ಸ್ವತಂತ್ರವೆಂದು ಎಣಿಸಿದರೆ ಇಲ್ಲದ ವ್ಯತ್ಯಾಸವೂ ಇದ್ದಂತೆ ಕಾಣುತ್ತದೆ. ಪ್ರಕಟವಾದ ಲೇಖನಗಳಲ್ಲೂ ಈ ತಪ್ಪು ಸಿಗುತ್ತದೆ, ಹುಡುಕಲು ಹೇಳಿ. ಪ್ರತಿ ವ್ಯಕ್ತಿಗೆ ಒಂದು ಮೌಲ್ಯ ತೆಗೆದು, ಇಷ್ಟು ಸಣ್ಣ ಗುಂಪುಗಳಿಗೆ ಮ್ಯಾನ್–ವಿಟ್ನಿ ಪರೀಕ್ಷೆ (ಎರಡು ಗುಂಪುಗಳ ಮೌಲ್ಯಗಳನ್ನು ಅವುಗಳ ಕ್ರಮಾಂಕದಿಂದ ಹೋಲಿಸುವುದು) ಬಳಸಿ, ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನೂ ವರದಿ ಮಾಡಿಸಿ. ಎಷ್ಟು ಪರಿಕಲ್ಪನೆಗಳು, ಎಷ್ಟು ಹೊಸತನ, ಎಷ್ಟು ವೈವಿಧ್ಯ, ಎಂಥ ಗುಣಮಟ್ಟ ಎಂಬ ನಾಲ್ಕು ಅಳತೆಗಳನ್ನು ಜಾಮಿ ಷಾ ಮತ್ತು ಸಂಗಡಿಗರು 2003ರಲ್ಲಿ ವ್ಯವಸ್ಥಿತವಾಗಿ ಮುಂದಿಟ್ಟರು. ತರಗತಿಯಲ್ಲಿ ಸಮಯ ಮಿಕ್ಕರೆ ಹೊಸತನವನ್ನೂ ಲೆಕ್ಕ ಮಾಡಿಸಬಹುದು.

ವ್ಯತ್ಯಾಸವೇ ಕಾಣದಿದ್ದರೆ? ಹಾಗೆಯೇ ಬರೆಸಿ. ಆ ವರದಿಗೆ ಒಂದಂಕವೂ ಕಡಿಮೆಯಾಗಬಾರದು, ಮತ್ತು ಇದನ್ನು ಪ್ರಯೋಗಕ್ಕೆ ಮುಂಚೆಯೇ ತಿಳಿಸಿರಬೇಕು.

ನಾಲ್ಕನೆಯ ಹೆಜ್ಜೆ: ಕೆಲಸದ ಜಾಗಕ್ಕೆ ಹೋಗುವುದು (ವಾರ 11–13)

ಪ್ರಯೋಗಾಲಯದ ನಲವತ್ತೈದು ನಿಮಿಷಕ್ಕೂ ಪೀಣ್ಯದ ಟೂಲ್‌ರೂಮಿನಲ್ಲೋ ಬೆಳಗಾವಿಯ ಫೌಂಡ್ರಿಯಲ್ಲೋ ತಿಂಗಳುಗಟ್ಟಲೆ ನಡೆಯುವ ವಿನ್ಯಾಸಕ್ಕೂ ಬಹಳ ಅಂತರವಿದೆ. ಪ್ರತಿ ವಿದ್ಯಾರ್ಥಿಯೂ ಒಬ್ಬ ವಿನ್ಯಾಸಕರನ್ನು ಅರ್ಧ ದಿನ ಗಮನಿಸಿ, ಒಂದು ಗಂಟೆ ಸಂದರ್ಶಿಸಲಿ.

ಹೋಗುವ ಮುನ್ನ ತರಗತಿಯಲ್ಲೇ ಮಾತಾಡುತ್ತ ಯೋಚಿಸುವ ಅಭ್ಯಾಸ ಮಾಡಿಸಿ. ಒಬ್ಬರು ವಿನ್ಯಾಸ ಮಾಡುತ್ತ ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ರೆಕಾರ್ಡ್ ಮಾಡಬೇಕು. ರೆಕಾರ್ಡ್ ಮಾಡುವವರು "ಏಕೆ ಹಾಗೆ ಮಾಡಿದಿರಿ?" ಎಂದು ನಡುವೆ ಕೇಳಕೂಡದು, ಕೇಳಿದರೆ ಆ ವ್ಯಕ್ತಿ ಯೋಚಿಸುವುದನ್ನು ಬಿಟ್ಟು ಸಮರ್ಥನೆ ಕೊಡಲು ಶುರುಮಾಡುತ್ತಾರೆ. ಮೌನವಾದಾಗ "ಮಾತಾಡುತ್ತಿರಿ" ಎಂದಷ್ಟೇ ನೆನಪಿಸಬೇಕು. ಈ ವಿಧಾನದ ಶಕ್ತಿ ಮತ್ತು ಮಿತಿಗಳನ್ನು ತೋರಿಸಲು 1994ರ ಡೆಲ್ಫ್ಟ್ ಕಾರ್ಯಾಗಾರಕ್ಕಿಂತ ಉತ್ತಮ ಪ್ರಕರಣ ನನಗೆ ಗೊತ್ತಿಲ್ಲ. ಬೆಟ್ಟದ ಸೈಕಲ್ಲಿಗೆ ಬೆನ್ನುಚೀಲ ಕಟ್ಟುವ ಸಾಧನವನ್ನು ಒಬ್ಬ ವಿನ್ಯಾಸಕ ಒಂಟಿಯಾಗಿ, ಮೂವರ ತಂಡವೊಂದು ಪ್ರತ್ಯೇಕವಾಗಿ ರೂಪಿಸಿದ ವಿಡಿಯೊಗಳನ್ನು ಹಲವು ದೇಶಗಳ ಸಂಶೋಧಕರಿಗೆ ಕೊಟ್ಟು, ತಮ್ಮತಮ್ಮ ರೀತಿಯಲ್ಲಿ ವಿಶ್ಲೇಷಿಸಲು ಹೇಳಲಾಗಿತ್ತು. ದತ್ತಾಂಶ ಒಂದೇ ಆದರೂ ಕೇಳಿದ ಪ್ರಶ್ನೆಗೆ ತಕ್ಕಂತೆ ಕಂಡದ್ದು ಬೇರೆಯಾಯಿತು.

ಭಾಷೆಯ ವಿಷಯವನ್ನು ನಮ್ಮ ಕೋರ್ಸ್‌ಗಳು ಮುಟ್ಟುವುದೇ ಇಲ್ಲ. ನಮ್ಮ ವರ್ಕ್‌ಶಾಪ್‌ಗಳಲ್ಲಿ ಎಂಜಿನಿಯರುಗಳು ಕನ್ನಡ, ಇಂಗ್ಲಿಷ್, ಹಿಂದಿ, ತಮಿಳುಗಳನ್ನು ಬೆರೆಸಿ ಮಾತಾಡುತ್ತಾರೆ. "ದಯವಿಟ್ಟು ಇಂಗ್ಲಿಷಿನಲ್ಲಿ ಹೇಳಿ" ಎಂದು ಕೇಳಿದ ಕ್ಷಣದಿಂದ ಯೋಚನೆಯ ಹರಿವು ನಿಲ್ಲುತ್ತದೆ, ವರದಿಯ ಭಾಷೆ ಶುರುವಾಗುತ್ತದೆ. ಅವರ ಮಾತಿನಲ್ಲೇ ರೆಕಾರ್ಡ್ ಮಾಡಿ, ಹಾಗೆಯೇ ಬರಹಕ್ಕಿಳಿಸಿ, ಮೂಲದ ಮೇಲೆಯೇ ಕೋಡಿಂಗ್ ಮಾಡಬೇಕು. ಲೇಖನಕ್ಕೆ ಬೇಕಾದ ಸಾಲುಗಳನ್ನು ಮಾತ್ರ ಕೊನೆಯಲ್ಲಿ ಅನುವಾದಿಸಿದರೆ ಸಾಕು. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ ಎಂಬುದನ್ನು ವಿದ್ಯಾರ್ಥಿ ಕೈಯಾರೆ ಮಾಡಿ ತಿಳಿಯಲಿ. ಆಮೇಲೆ "ಐವತ್ತು ಸಂದರ್ಶನ ಮಾಡುತ್ತೇನೆ" ಎಂಬ ಸಾಲು ಯೋಜನೆಯಿಂದ ತಾನಾಗಿಯೇ ಮಾಯವಾಗುತ್ತದೆ.

ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಸಹಿ ಹಾಕುವವರಿಗೆ ಓದಿ ಹೇಳಬೇಕು. ಮಾಲೀಕರು ಒಪ್ಪಿದ್ದರೆ ಕೆಲಸಗಾರರೂ ಒಪ್ಪಿದಂತೆ ಅಲ್ಲ. ಮಾಲೀಕರ ಎದುರಿನಲ್ಲಿ ನಡೆಸಿದ ಸಂದರ್ಶನದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ, ಹಾಗಾಗಿ ಬೇರೆ ಜಾಗ ಕೇಳಿಕೊಳ್ಳುವುದು ವಿಧಾನದ ಭಾಗ. ಡ್ರಾಯಿಂಗ್‌ಗಳ ಫೋಟೊ ತೆಗೆಯುವ ಮುನ್ನ ಗ್ರಾಹಕ ಕಂಪನಿಯ ಗೋಪ್ಯತೆಯ ಕರಾರು ಇದೆಯೇ ಎಂದು ಕೇಳಬೇಕು. ನಿಮ್ಮ ಸಂಸ್ಥೆಯಲ್ಲಿ ಮಾನವ ನೈತಿಕತಾ ಸಮಿತಿ ಇದ್ದರೆ ಅರ್ಜಿಯನ್ನು ಮೊದಲ ತಿಂಗಳಲ್ಲೇ ಹಾಕಿಸಿ.

ಐದನೆಯ ಹೆಜ್ಜೆ: ಮೌಲ್ಯಮಾಪನ (ವಾರ 14)

ವಿನ್ಯಾಸ ಪ್ರಬಂಧಗಳು ಹೆಚ್ಚು ಸೋಲುವುದು ಇಲ್ಲಿ. ಹೊಸ ವಿಧಾನವೊಂದನ್ನು ರೂಪಿಸಿ, ಅದೇ ವಿಭಾಗದ ಹತ್ತು ಕಿರಿಯ ವಿದ್ಯಾರ್ಥಿಗಳಿಗೆ ಕೊಟ್ಟು, "ಇದು ಉಪಯುಕ್ತವೇ?" ಎಂದು ಐದು ಅಂಕಗಳ ಮಾಪನದಲ್ಲಿ ಕೇಳಿದರೆ ಸರಾಸರಿ ನಾಲ್ಕರ ಮೇಲೆಯೇ ಬರುತ್ತದೆ. ಅದು ಸೌಜನ್ಯದ ಅಳತೆ.

ಮೂರು ಪ್ರಶ್ನೆಗಳನ್ನು ಬೇರೆಬೇರೆ ಇಡಲು ಕಲಿಸಿ. ಸಾಧನ ಅಂದುಕೊಂಡಂತೆ ಓಡುತ್ತದೆಯೇ? ಉದ್ದೇಶಿಸಿದ ಜನ ಅದನ್ನು ಬಳಸಬಲ್ಲರೇ, ಮತ್ತು ಬಳಸಿದಾಗ ಅದು ಬದಲಿಸಬೇಕಾದ ಅಂಶವನ್ನೇ ಬದಲಿಸುತ್ತದೆಯೇ? ಆ ಬದಲಾವಣೆಯಿಂದ ಕೊನೆಯ ಗುರಿಯತ್ತ ಏನಾದರೂ ಆಯಿತೇ? ನಮ್ಮ ಅಡಿಕೆ ಉದಾಹರಣೆಯಲ್ಲಿ ದೂರು ದಾಖಲಿಸುವ ಮೊಬೈಲ್ ನಮೂನೆಯೊಂದು ಮಾಡಿದರೆ, ನಮೂನೆ ತುಂಬಲು ಬೆಳೆಗಾರರಿಗೆ ಸಾಧ್ಯವೇ ಎಂಬುದು ಎರಡನೆಯ ಪ್ರಶ್ನೆಯ ಒಂದು ಭಾಗ. ಅದನ್ನು ನೋಡಿ ತಯಾರಕ ಸರಿಯಾದ ಕಾರಣ ಗುರುತಿಸಿದನೇ ಎಂಬುದು ಇನ್ನೊಂದು ಭಾಗ. ಹೋಲಿಕೆ ಇಲ್ಲದೆ ಇದಾವುದಕ್ಕೂ ಉತ್ತರವಿಲ್ಲ: ಅದೇ ದೂರನ್ನು ಫೋನಿನ ಮಾತಿನಲ್ಲಿ ಕೇಳಿದ ತಯಾರಕರೂ ಬೇಕು. ಒಬ್ಬರಿಗೇ ಎರಡೂ ರೀತಿ ಕೊಟ್ಟರೆ ಮೊದಲನೆಯದರಿಂದ ಕಲಿತದ್ದು ಎರಡನೆಯದಕ್ಕೆ ಸೇರಿಕೊಳ್ಳುತ್ತದೆ, ಆದ್ದರಿಂದ ದೂರುಗಳನ್ನು ಬದಲಿಸಿ, ಅರ್ಧ ಮಂದಿಗೆ ಕ್ರಮ ತಿರುಗಿಸಿ ಕೊಡಬೇಕು.

ಪ್ರಕಟಣೆಯ ನೀತಿಗೆ ಇಲ್ಲಿ ಹೆಚ್ಚು ಹೊತ್ತು ಬೇಡ. ಯುಜಿಸಿ 2019ರಲ್ಲಿ ರೂಪಿಸಿದ ಎರಡು ಕ್ರೆಡಿಟ್‌ಗಳ ಸಂಶೋಧನೆ ಮತ್ತು ಪ್ರಕಟಣಾ ನೀತಿ ಕೋರ್ಸ್ ಪ್ರತ್ಯೇಕವಾಗಿಯೇ ಇದೆ. ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂಬುದನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಇನ್ನೊಬ್ಬರ ಪ್ರಭಾವ ನಕ್ಷೆಯನ್ನೋ ಕೋಡಿಂಗ್ ನಿಯಮವನ್ನೋ ಹೆಸರಿಸದೆ ಬಳಸಿದರೆ ತಂತ್ರಾಂಶ ಹಿಡಿಯುವುದಿಲ್ಲ, ಅದೂ ಕಳವೇ ಎಂಬುದನ್ನು ಹೇಳಿ ಮುಂದೆ ಸಾಗಿ.

ಆರನೆಯ ಹೆಜ್ಜೆ: ಒಂದು ಪುಟದ ಯೋಜನೆ ಮತ್ತು ಮಂಡನೆ (ವಾರ 15–16)

ಯೋಜನೆಯಲ್ಲಿ ಇರಬೇಕಾದವು: ಸಂಶೋಧನೆಯ ಪ್ರಶ್ನೆ ಒಂದು ವಾಕ್ಯದಲ್ಲಿ, ಪ್ರಭಾವ ನಕ್ಷೆಯ ಯಾವ ಗೆರೆಯನ್ನು ಪರೀಕ್ಷಿಸುತ್ತಿರುವುದು, ಅಳೆಯಬಹುದಾದ ಮಾನದಂಡ, ದತ್ತಾಂಶ ಯಾರಿಂದ, ಎಷ್ಟು, ಹೇಗೆ, ಯಾವ ಫಲಿತಾಂಶ ಬಂದರೆ ತಾನು ಅಂದುಕೊಂಡದ್ದು ತಪ್ಪೆಂದು ಒಪ್ಪುವುದು. ಈ ಕೊನೆಯ ಅಂಶವನ್ನು ಬರೆಯಲು ಎಲ್ಲರೂ ತಿಣುಕುತ್ತಾರೆ. ಬರೆಯಲಾಗದಿದ್ದರೆ ಪ್ರಶ್ನೆ ಇನ್ನೂ ಹದಕ್ಕೆ ಬಂದಿಲ್ಲ ಎಂದು ತಿಳಿದು ಮೊದಲ ಸಾಲಿಗೆ ಹಿಂದಿರುಗಿಸಿ.

ಮಂಡನೆಯ ದಿನ ಪ್ರತಿಯೊಬ್ಬರಿಗೂ ಹತ್ತು ನಿಮಿಷ ಮಾತು, ಇಪ್ಪತ್ತು ನಿಮಿಷ ಪ್ರಶ್ನೆ. ಪ್ರಶ್ನೆ ಕೇಳುವುದಕ್ಕೂ ಅಂಕಗಳಿರಲಿ. ಮಂಡಿಸುವವರ ಮಾರ್ಗದರ್ಶಕರು ಕೋಣೆಯಲ್ಲಿ ಇರಬೇಕು, ಆದರೆ ವಿದ್ಯಾರ್ಥಿಯ ಪರವಾಗಿ ಉತ್ತರಿಸಬಾರದು. ಇದನ್ನು ಮುಂಚಿತವಾಗಿ ಅವರಿಗೆ ವಿನಯದಿಂದ ತಿಳಿಸಿಡಿ. ಅಂಕಗಳ ಹಂಚಿಕೆಗೆ ನನ್ನ ಸಲಹೆ: ತರಗತಿಯ ಪ್ರಯೋಗದ ವರದಿಗೆ 40, ಒಂದು ಪುಟದ ಯೋಜನೆ ಮತ್ತು ಮಂಡನೆಗೆ 30, ವಾರದ ಅರ್ಧ ಪುಟದ ಟಿಪ್ಪಣಿಗಳಿಗೆ 20, ಪ್ರಶ್ನೆ ಕೇಳಿದ್ದಕ್ಕೆ 10. ಯೋಜನೆಯ ಪ್ರತಿಯನ್ನು ವಿದ್ಯಾರ್ಥಿಯ ಡಾಕ್ಟೊರಲ್ ಸಮಿತಿಗೆ ಕಳುಹಿಸಿ, ಆರು ತಿಂಗಳ ನಂತರದ ಪ್ರಗತಿ ಪರಿಶೀಲನೆಯಲ್ಲಿ ಅದೇ ಪುಟವನ್ನು ಮುಂದಿಟ್ಟುಕೊಂಡು ಯಾವ ಗೆರೆ ಬದಲಾಯಿತು, ಯಾವ ಸಾಕ್ಷ್ಯದಿಂದ ಬದಲಾಯಿತು ಎಂದು ಕೇಳುವಂತೆ ಸಮಿತಿಯವರಿಗೆ ಬರೆಯಿರಿ.